ರಮಾಕಾಂತನ ಫೋಬಿಯಾಗಳು

ಸಂಸೆಯ ರಮಾಕಾಂತನಿಗೆ ಏಣಿ ಕಂಡರಾಗದು. ಕಾಳುಮೆಣಸು ಕೊಯ್ಯುವವರು ಆ ಬೆಳಿಗ್ಗೆ ಕೈಕೊಟ್ಟಾಗ ಹೆಂಡತಿ ಭಾಗೀರಥಿ ಬಿದಿರಿನ ಏಣಿಯನ್ನು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿ, “ಹಣ್ಣಾಗಿ ಉದುರ್ತಾ ಉಂಟು, ನೀವೇ ಹತ್ತಿ” ಎಂದಳು.

ಹೆದರಿಕೆ ಎಂದರೆ ಊರೇ ನಗುತ್ತದೆ. ಕಾಲೇಜಿನಲ್ಲಿ ಮನಃಶಾಸ್ತ್ರ ಓದುವ ಮಗಳು ಪಂಚಮಿ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದದ್ದು ಅವನಿಗೆ ನೆನಪಾಯಿತು. ಕೊನೆಯಲ್ಲಿ ಫೋಬಿಯಾ ಎಂದಿದ್ದರೆ ಅದು ಹೆದರಿಕೆ. ಯಾವುದರ ಹೆದರಿಕೆ ಎಂಬುದು ಅದಕ್ಕೂ ಮೊದಲಿನ ತುಂಡಿನಲ್ಲಿ.

“ನಂಗೆ ಅಕ್ರೋಫೋಬಿಯಾ ಕಣೆ. ಎತ್ತರ ಆಗೋದಿಲ್ಲ.”

ಭಾಗೀರಥಿ ಗಾಬರಿಯಿಂದ ಅವನ ಹಣೆ ಮುಟ್ಟಿ ನೋಡಿದಳು. “ಅಯ್ಯೋ, ಮೊದಲೇ ಹೇಳಬಾರದಾ ಮಾರಾಯ್ರೆ!”

ಇಂಗ್ಲಿಷಿನಲ್ಲಿ ಹೇಳಿದರೆ ಪುಕ್ಕಲುತನಕ್ಕೂ ಮರ್ಯಾದೆ ಉಂಟೆಂದು ರಮಾಕಾಂತನಿಗೆ ಅರ್ಥವಾದದ್ದೇ ಆಗ. ನೀರಿನ ಟ್ಯಾಂಕಿಗಿಳಿದು ತೊಳೆಯಿರಿ ಎಂದರೆ ಕ್ಲಾಸ್ಟ್ರೋಫೋಬಿಯಾ, ಇಕ್ಕಟ್ಟು ಆಗದು. ಅಟ್ಟ ಗುಡಿಸಿ ಎಂದರೆ ಅರಾಕ್ನೋಫೋಬಿಯಾ, ಜೇಡ ಆಗದು. ಅವನು ನೆಮ್ಮದಿಯಿಂದ ಆರಾಮಕುರ್ಚಿಯಲ್ಲಿ ಕಾಲು ಚಾಚಿದ. ಕಳಸದಲ್ಲಿ ಭಾಗೀರಥಿಯ ತಮ್ಮ ಅಭಿರಾಮನ ಮನೆಯ ಗೃಹಪ್ರವೇಶ. ಇನ್ನೇನು ಜೀಪು ಬರುತ್ತದೆ, ಮಧ್ಯಾಹ್ನ ಕಾಯಿಹೋಳಿಗೆ. ವಾರದಿಂದ ಅದೇ ಧ್ಯಾನ.

ಅಷ್ಟರಲ್ಲಿ ಬೇಲಿಯಾಚೆಯ ಪ್ರಸನ್ನಕುಮಾರ್ ಮೊಬೈಲು ಹಿಡಿದು ಬಂದರು. ಭಾಗೀರಥಿ ಅವರ ಹತ್ತಿರ ಎಲ್ಲ ತೋಡಿಕೊಂಡಿದ್ದಳು.

“ಇವರನ್ನ ಗೃಹಪ್ರವೇಶಕ್ಕೆ ಕರ್ಕೊಂಡು ಹೋಗ್ಬೇಡಿ ಭಾಗೀರಥಮ್ಮ. ಜನ ಕಂಡ್ರೆ ಆಕ್ಲೋಫೋಬಿಯಾ, ಜೀಪು ಹತ್ತಿದ್ರೆ ಅಮ್ಯಾಕ್ಸೋಫೋಬಿಯಾ. ಒಂದಿದ್ದವರಿಗೆ ಎಲ್ಲಾ ಇರ್ತದೆ.”

“ನಂಗೆ ಅದ್ಯಾವುದೂ ಇಲ್ಲ!” ರಮಾಕಾಂತ ಚೀರಿದ.

“ಪಾಪ, ಒಪ್ಪಿಕೊಳ್ಳೋಕೂ ಹೆದರಿಕೆ,” ಎಂದರು ಪ್ರಸನ್ನಕುಮಾರ್.

“ನಿಮಗೆ ಗಂಜಿ ಮಾಡಿಟ್ಟಿದೀನಿ,” ಎಂದಳು ಭಾಗೀರಥಿ ಕಣ್ಣೊರೆಸಿಕೊಂಡು. “ಉಪ್ಪಿನಕಾಯಿ ಜಾಡಿ ಕೆಳಗೇ ಇಟ್ಟಿದೀನಿ. ಎತ್ತರಕ್ಕೆ ಕೈಹಾಕ್ಬೇಡಿ.”

ಜೀಪು ಅಂಗಳಕ್ಕೆ ಬಂದೇಬಿಟ್ಟಿತು. ಹೋಳಿಗೆ ಕೈತಪ್ಪುವುದು ಖಾತ್ರಿಯಾದಾಗ ರಮಾಕಾಂತ ಪಂಚೆ ಎತ್ತಿಕಟ್ಟಿ ಓಡಿದ. ಕಣ್ಣು ಮುಚ್ಚಿಕೊಂಡು ಏಣಿ ಹತ್ತಿದವನು ತುದಿಯಲ್ಲಿ ಕಣ್ಣು ಬಿಟ್ಟ. ತಲೆ ತಿರುಗಲಿಲ್ಲ. ಕೈಗೆ ಸಿಕ್ಕಿದ ಮೆಣಸಿನ ಗೊಂಚಲು ಕಿತ್ತು ಬಾವುಟದ ಹಾಗೆ ಆಡಿಸಿದ. “ನೋಡಿ! ನಂಗೇನೂ ಇಲ್ಲ!” ಇಷ್ಟು ವರ್ಷ ಹೆದರಿದ್ದು ಇದಕ್ಕೇನಾ ಎಂದು ಅವನಿಗೇ ನಗು ಬಂತು. ಜೀವ ಹಗುರಾಯಿತು. ಇಳಿದವನೇ ಅಂಗಿ ಬದಲಿಸಿ ಬಂದು, ಯಾರೂ ಮನಸ್ಸು ಬದಲಿಸುವ ಮೊದಲೇ ಜೀಪಿನ ಮುಂದಿನ ಸೀಟು ಹಿಡಿದ.

ಕಳಸದಲ್ಲಿ ಬಡಿಸುವವರಿಗೆ ಸಾಕೆನಿಸುವಷ್ಟು ಹೋಳಿಗೆ ತಿಂದ. ಬಾಯಿತುಂಬ ವೀಳ್ಯ ಹಾಕಿಕೊಂಡು ಹೊರಬಂದರೆ, ಜೀಪಿನ ನೆತ್ತಿಯ ಮೇಲೆ ಅದೇ ಬಿದಿರಿನ ಏಣಿ! ಬರುವಾಗ ಸಂತೋಷದಲ್ಲಿ ಮೇಲೆ ನೋಡಿರಲಿಲ್ಲ.

“ನಾನೇ ಕಟ್ಟಿಸಿದ್ದು,” ಎಂದಳು ಭಾಗೀರಥಿ ಹೆಮ್ಮೆಯಿಂದ. “ಇಲ್ಲಿ ನನ್ನ ತಮ್ಮನಿಗೂ ಮೆಣಸು ಕೊಯ್ಯೋಕೆ ಜನ ಸಿಕ್ಕಿಲ್ವಂತೆ. ಇದ್ದು ಮುಗಿಸಿಕೊಟ್ಟು ಬನ್ನಿ. ನಮ್ಮದು ಆಮೇಲೆ ಇದ್ದೇ ಉಂಟಲ್ಲ.”

ರಮಾಕಾಂತ ಮಗಳ ಕಡೆ ತಿರುಗಿ ಪಿಸುಗುಟ್ಟಿದ. “ಪುಟ್ಟೀ, ಭಾವಮೈದುನನ್ನ ಕಂಡ್ರೆ ಆಗೋ ಹೆದರಿಕೆಗೆ ಏನಂತಾರೆ?”

ಪಂಚಮಿ ಜೀಪಿನ ಮೇಲಿನ ಏಣಿಯತ್ತ ಕೈ ತೋರಿಸಿದಳು.

“ಅದಕ್ಕೆ ಇಂಗ್ಲಿಷಲ್ಲಿ ಹೆಸರೇ ಇಲ್ಲಪ್ಪಾ. ಹತ್ತಬೇಕು ಅಷ್ಟೆ.”