ಟೊಪ್ಪಿಯ ಫೋಟೊ

ಇವತ್ತು ಆರಾಧನೆಯಲ್ಲಿ ಸಾಕ್ಷಿ ಹೇಳಲು ನಿಂತಾಗ ಏನು ಹೇಳುವುದು? ಜ್ವರ ಬಂದು ಮಲಗಿದ್ದೆ ಅನ್ನುವುದೇ? ಗಂಜಿ ಕುಡಿದೆ ಅನ್ನುವುದೇ? ಭಾನುವಾರ ಬೆಳಿಗ್ಗೆ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡ ರಾಜೀವ ಕನ್ನಡಿಯ ಮುಂದೆ ಹಾಗೇ ನಿಂತಿದ್ದ.

ಸುನಾಮಿಯ ಮರುವರ್ಷ ಬ್ರಹ್ಮಾವರದ ಅವನ ಕ್ರೈಸ್ತ ಸಭೆ ಸುವಾರ್ತೆ ಸಾರಲೆಂದು ಇಂಡೋನೇಷ್ಯಾಕ್ಕೆ ಐವರನ್ನು ಕಳಿಸಿತ್ತು. ನಾಲ್ವರು ಬೋಧಕರು. ರಾಜೀವ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವನು. ಒಡೆದ ದೋಣಿ ಸರಿಮಾಡುತ್ತ ದೇವರ ಮಾತು ತೆಗೆಯಬೇಕೆಂದು ಅವನಿಗೆ ಅಪ್ಪಣೆ. ಅಲ್ಲಿ ಯೂಸುಫ್ ಎಂಬ ಮುದುಕ ಬಡಗಿ ಸಿಕ್ಕಿದ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರೂ ಹಲಗೆಗೆ ಬೆರಳ ಗೆಣ್ಣು ಬಡಿದು, ಕಿವಿಯಿಟ್ಟು, ಕೊಳೆತದ್ದು ಯಾವುದೆಂದು ಒಟ್ಟಿಗೇ ತಲೆಯಾಡಿಸುತ್ತಿದ್ದರು. ಜ್ವರ ಬಂದಾಗ ಮುದುಕ ಅವನನ್ನು ಸಮುದ್ರದ ಪಾಲಾದ ತನ್ನ ಮಗನ ಚಾಪೆಯಲ್ಲಿ ಮಲಗಿಸಿ ಮೂರು ದಿನ ಗಂಜಿ ಕುಡಿಸಿದ. ನಾಲ್ಕನೆಯ ದಿನ ಹೊರಗೆ ಕೂರಿಸಿ, ಬಿಸಿಲೆಂದು ತನ್ನ ನಮಾಜಿನ ಟೊಪ್ಪಿಯನ್ನು ಅವನ ತಲೆಗಿಟ್ಟ. ಜೊತೆಯವರೊಬ್ಬರು ಇಬ್ಬರ ಫೋಟೊ ಹೊಡೆದರು.

ಆ ಫೋಟೊ ಸ್ಟುಡಿಯೋದಿಂದ ನಿನ್ನೆ ಬಂತು. ತಂದವಳು ಪಕ್ಕದ ಮನೆಯ ಗಿರಿಜಾ. ದಾರಿಯುದ್ದಕ್ಕೂ ತೋರಿಸಿಕೊಂಡೇ ತಂದಿದ್ದಳು.

"ಹ್ವಾಯ್ ರಾಜೀವಣ್ಣ, ಟೊಪ್ಪಿ ಲಾಯ್ಕ್ ಇತ್ತ್ ಮಾರಾಯ್ರೆ! ಹೊಸ ಹೆಸ್ರ್ ಎಂತ ಇಟ್ಕಂಡ್ರಿ?" ಬೇಲಿಯಾಚೆಯಿಂದ ಈಗಲೂ ಕೂಗಿದಳು.

"ಹೆಸ್ರ್ ಮಾತ್ರವಾ, ಅಲ್ಲೊಂದ್ ಸಂಸಾರವೂ ಇತ್ತೋ ಎಂತದೋ!" ಒಲೆಯ ಮುಂದಿನಿಂದ ಹೆಂಡತಿ ಸುಗುಣ. "ಬಪ್ಪ ತಿಂಗ್ಳ್ ಮಗಳ್ ಮದಿ. ಸಭೆಯಿಂದ ನಮ್ಮನ್ ಹೊರಗ್ ಹಾಕಿರೆ ಎಲ್ಲ್ ಮಾಡುದ್?"

ಅಷ್ಟರಲ್ಲಿ ಸಭೆಯ ಹಿರಿಯ ಚಂದಯ್ಯ ಬಿಳಿ ಪ್ಯಾಂಟು ತೊಟ್ಟು, ಟಿಫಿನ್ ಡಬ್ಬಿ ಹಿಡಿದು ಬಂದ.

"ಹಂದಿ ಸುಕ್ಕ. ಒಂದ್ ತುಂಡ್ ತಿನ್ನಿ, ನಮ್ ಕಣ್ಣೆದ್ರೇ."

"ಹೊಟ್ಟಿ ಇನ್ನೂ ಸಮ ಆಯ್ಲಿಲ್ಲ, ಚಂದಯ್ಯಣ್ಣ."

"ಟೊಪ್ಪಿ ಹಾಕ್ದ್ ಕೂಡ್ಲೇ ಹೊಟ್ಟಿಯೂ ಜಾತಿ ಬಿಟ್ಟಿತಾ?"

ರಾಜೀವ ಕಣ್ಣು ಮುಚ್ಚಿ ನುಂಗಿದ. ತುಂಡು ಒಳಗೆ ಹೋದಷ್ಟೇ ಬೇಗ ಹೊರಗೆ ಬಂತು, ನೇರ ಬಿಳಿ ಪ್ಯಾಂಟಿನ ಮೇಲೆ. ಅವನು ಮತ ಬಿಟ್ಟದ್ದು ಅಲ್ಲಿಗೆ ಖಾತ್ರಿಯಾಯಿತು.

ಆರಾಧನೆಯಲ್ಲಿ ಅವನ ಬೆಂಚಿಗೆ ಯಾರೂ ಬರಲಿಲ್ಲ. ಬಸ್ಸಿನಲ್ಲಿ ಹಳಸಿದ ಮೀನಿನ ಬುಟ್ಟಿಯ ಪಕ್ಕ ಸೀಟು ಖಾಲಿ ಉಳಿಯುವ ಹಾಗೆ. ಪಾದ್ರಿ ಅಯ್ಯನವರು, ಅಷ್ಟರಲ್ಲಿ ತಮ್ಮ ಕೈಗೂ ತಲುಪಿದ್ದ ಫೋಟೊ ಹಿಡಿದು ಅವನನ್ನು ಮುಂದೆ ಕರೆದರು.

"ಇದೇನು ರಾಜೀವ?"

"ಟೊಪ್ಪಿ ಆ ಮುದ್ಕರದ್ದ್ ಅಯ್ಯನವ್ರೆ. ಅವ್ರೇ ತಲಿಂದ ತೆಗ್ದ್ ಕೊಟ್ಟದ್ದ್."

ಅಯ್ಯನವರು ಫೋಟೊವನ್ನು ಕಣ್ಣಿನ ಹತ್ತಿರ ತಂದರು. ಕನ್ನಡಕ ಮಂಜಾಯಿತು.

"ಪ್ರಿಯರೇ, ನೋಡಿ! ಮುದುಕನ ತಲೆ ಬರಿದು! ತನ್ನ ಮತದ ಟೊಪ್ಪಿಯನ್ನೇ ತೆಗೆದು ನಮ್ಮ ರಾಜೀವನ ಕೈಗೆ ಒಪ್ಪಿಸಿದ್ದಾನೆ!"

"ನಂಗೆ ಬೆಳಿಗ್ಗೆಯೇ ಗೊತ್ತಾಯ್ತ್!" ಎಂದು ಮೊದಲು ಅಪ್ಪಿಕೊಂಡವನು ಚಂದಯ್ಯ. ಸಭೆ ಚಪ್ಪಾಳೆ ತಟ್ಟಿತು. ಫೋಟೊವನ್ನು ಮುದುಕನ ಹೆಸರು ಸಮೇತ ಅಚ್ಚು ಹಾಕಿಸುವುದೆಂದೂ, ಮಗಳ ಮದುವೆ ಮುಗಿದ ಕೂಡಲೇ ರಾಜೀವನೇ ಅದನ್ನು ಒಯ್ದು ಆ ಊರಲ್ಲಿ ಮನೆಮನೆಗೆ ಹಂಚುವುದೆಂದೂ ಅಲ್ಲೇ ನಿಶ್ಚಯವಾಯಿತು. ಆ ಊರಲ್ಲೂ ಮುದುಕನ ಬೇಲಿಯಾಚೆ ಒಬ್ಬಳು ಗಿರಿಜಾ ಇರುತ್ತಾಳೆ, ಡಬ್ಬಿ ಹಿಡಿದ ಒಬ್ಬ ಚಂದಯ್ಯನೂ ಇರುತ್ತಾನೆ ಎಂದು ರಾಜೀವನಿಗೆ ಹೊಳೆಯಿತು.

"ಮುದುಕನ ಹೆಸರೇನಪ್ಪ?" ಅಯ್ಯನವರು ಪೆನ್ನು ತೆಗೆದರು.

ಮುಂದಿನ ಸಾಲಿನಲ್ಲಿ ಮಗಳು ಎರಡು ದಿನಗಳಲ್ಲಿ ಮೊದಲ ಬಾರಿ ನಗುತ್ತಿದ್ದಳು.

"ಯೂಸುಫ್" ಎಂದ.

ಅಲ್ಲಿದ್ದ ಹನ್ನೊಂದು ದಿನಗಳಲ್ಲಿ ತಾನು ಯೇಸುವಿನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ ಎಂಬುದನ್ನು ರಾಜೀವ ಯಾರಿಗೂ ಹೇಳಲಿಲ್ಲ.