ಮಂಚದ ಮೇಲಿನ ಇಂಗ್ಲಿಷ್ ಪಾಠ

ರೋಗಿ ಮಲಗಿರುವ ಮನೆಯಲ್ಲಿ ನಗಬಾರದು ಎನ್ನುತ್ತಾರೆ. ನಾವು ನಗುವುದನ್ನು ಬಿಟ್ಟೇ ಬಿಟ್ಟಿದ್ದೆವು. ಆದರೆ ನಗಿಸುವ ಪ್ರಸಂಗಗಳು ನಮ್ಮನ್ನು ಬಿಡಲಿಲ್ಲ. ಚಪ್ಪಲಿ ಕಳೆದು ನೇರ ಒಳಗೇ ಬರತೊಡಗಿದವು.

ನನ್ನ ಯಜಮಾನರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ವರ್ಗವಾಗುತ್ತ ಇಡೀ ನೌಕರಿಯನ್ನು ಇಂಗ್ಲಿಷ್ ಕಲಿಸುವುದರಲ್ಲೇ ಕಳೆದವರು. ನಿವೃತ್ತರಾಗಿ ಬೆಟಗೇರಿಯ ಮನೆಯಲ್ಲಿದ್ದಾಗ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು.

೧. ಸೊಸೆಯ ನಿಘಂಟು

ದವಾಖಾನೆಯಲ್ಲಿ ಒಂದು ಬೆಳಿಗ್ಗೆ ನರ್ಸ್ ಓಡಿ ಬಂದಳು. "ಅಮ್ಮಾರ, ಸರ್ ಮಾತಾಡಾಕತ್ಯಾರ್ರಿ! ಅದೂ ಇಂಗ್ಲಿಷಿನ್ಯಾಗ!"

ಹೋಗಿ ನೋಡಿದರೆ, ಸೂರು ನೋಡುತ್ತ ಅವರು ಹೇಳುತ್ತಿದ್ದರು: "ಐ ವಾಕ್. ಐ ವಾಕ್ಡ್. ಐ ಶಲ್ ವಾಕ್."

ಯಾವ ಶಾಲೆಗೆ ಹೋದರೂ ಅವರ ಮೊದಲ ಪಾಠ ಇದೇ. ಡಾಕ್ಟರು ಬಿಡಿಸಿ ಹೇಳಿದರು: ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದು ಹಾಡಿನಂತೆ ಉಳಿದುಕೊಂಡಿದೆ, ಇದು ಮಾತಲ್ಲ. ತಮ್ಮದೇ ಒಂದು ಮಾತು ಹೊರಬಿದ್ದರೆ ಉಳಿದವೂ ಬರಬಹುದು. ಬಹಳ ತಡವಾದರೆ ಕಷ್ಟ. ದಿನಾ ಏನು ಹೇಳುತ್ತಾರೋ ಬರೆದಿಡಿ ಎಂದರು. ಬರೆದಿಡುವ ಕೆಲಸವನ್ನು ನನಗೆ ಯಾರೂ ಕಲಿಸಬೇಕಿಲ್ಲ. ಆದರೆ ದಿನಾ ಅದನ್ನೇ ಬರೆಯುವಾಗ ಕೈ ಸೋಲುತ್ತಿತ್ತು.

ಮನೆಗೆ ಕರೆತಂದ ಮೇಲೂ ನೀರು ಬೇಕಾದರೂ "ಐ ವಾಕ್", ಬೆನ್ನು ನೊಂದರೂ "ಐ ವಾಕ್". ಕಣ್ಣಲ್ಲಿ ನೀರು ತುಂಬಿದಾಗಲೂ ಅದೇ. ಸೊಸೆ ಜಾಣೆ. ಮೆಲ್ಲಗೆ ಹೇಳಿದರೆ ನೀರು, ಜೋರಾಗಿ ಹೇಳಿದರೆ ಬಚ್ಚಲು ಎಂದು ತಾನೇ ಒಂದು ನಿಘಂಟು ಮಾಡಿಕೊಂಡಳು. ಒಂದು ದಿನ ಅವರು ಮೆಲ್ಲಗೆ ಹೇಳಿದರು, ಇವಳು ತುಂಬಿದ ತಂಬಿಗೆ ಕುಡಿಸಿದಳು. ಮತ್ತೆ ಮೆಲ್ಲಗೆ ಹೇಳಿದರು, ಮತ್ತೆ ಕುಡಿಸಿದಳು.

ಆಮೇಲೆ ಹಾಸಿಗೆ ಬದಲಿಸುತ್ತ, "ಅತ್ತೀ, ಮಾವಾರಿಗೆ ದನಿ ಏರಿಸಾಕ ಶಕ್ತಿ ಇರಲಿಲ್ಲ ಕಾಣ್ತೈತ್ರಿ" ಎಂದಳು.

೨. ನಾದಿನಿಯ ತೀರ್ಪು

ಬೆಳ್ಳಟ್ಟಿಯಿಂದ ನಾದಿನಿ ಬಂದಳು. ಇವರಿಗಿಂತ ಹಿರಿಯಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತಮ್ಮ ಏನೆನ್ನುತ್ತಿದ್ದಾನೆ ಎಂದು ಸೊಸೆಯನ್ನು ಕೇಳಿದಳು.

"ಈಗ ನಡೀತೀನಿ, ಹಿಂದ ನಡದೆ, ಮುಂದ ನಡೀತೀನಿ ಅನ್ನಾಕತ್ತಾರ್ರಿ."

"ನಡೀತೀನಿ ಅನ್ನಾಂವನ್ನ ಮಲಗಿಸೀರೇನ? ಏಳೋ ತಮ್ಮಾ!" ಎಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿಯೇ ಬಿಟ್ಟಳು. ಮರುಕ್ಷಣ ಇಬ್ಬರೂ ಮಂಚದ ಮೇಲೆ ಅಡ್ಡಬಿದ್ದರು. ಅಕ್ಕ ಕೆಳಗೆ, ತಮ್ಮ ಮೇಲೆ. ಬಿದ್ದಲ್ಲಿಂದಲೇ ಅವರು "ಐ ಶಲ್ ವಾಕ್" ಎಂದರು.

ಅವಳನ್ನು ಎಳೆದು ಕೂರಿಸಿದೆವು. ಸೆರಗು ಸರಿಮಾಡಿಕೊಂಡು ಹೇಳಿದಳು: "ನೋಡವ್ವಾ, ನಿನ್ನೆದು ಖರೆ. ನಾಳಿದು ದೇವರ ಕೈಯಾಗ ಐತಿ. ಇವತ್ತಿಂದು ಅಷ್ಟ ಸುಳ್ಳ ಹೇಳ್ತಾನ."

೩. ತರಗತಿ

ಮಲಗಿದವರನ್ನು ಮಾತಾಡಿಸಿ ಹೋಗುವುದು ನಮ್ಮ ಕಡೆಯ ರೂಢಿ. ಮುಂಡರಗಿಯ ಹಳೆಯ ವಿದ್ಯಾರ್ಥಿಗಳು ಬಾಳೆಹಣ್ಣು, ಬಿಸ್ಕಿಟ್ ಹಿಡಿದು ಬಂದರು. ಎಲ್ಲರೂ ತಲೆ ನೆರೆತವರು. ಒಬ್ಬ ಬ್ಯಾಂಕಿನ ಮ್ಯಾನೇಜರ್, ಇನ್ನೊಬ್ಬ ಕಿರಾಣಿ ಅಂಗಡಿಯವ.

ಇವರು "ಐ ವಾಕ್" ಎಂದದ್ದೇ ತಡ, ಕುರ್ಚಿಗಳು ಸರಿದವು. ಎಲ್ಲರೂ ಎದ್ದು ಕೈಕಟ್ಟಿ ನಿಂತು ರಾಗವಾಗಿ ಶುರುಮಾಡಿದರು: "ಯೂ ವಾಕ್! ಹೀ ವಾಕ್ಸ್! ದೇ ವಾಕ್!" ಯಜಮಾನರ ಎಡಗೈ ಹಾಸಿಗೆಯ ಮೇಲೆ ಬೆತ್ತ ಹುಡುಕುತ್ತಿತ್ತು. ಮ್ಯಾನೇಜರ್ ಅದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ಹೊರಗೆ ಹೋಗಿ ಎಲ್ಲರೂ ಕಣ್ಣೊರೆಸಿಕೊಂಡರು. ನಾನೂ ಕಂಬ ಹಿಡಿದು ನಿಂತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಇಣುಕಿದಳು. "ಟ್ಯೂಶನ್ ಚಾಲೂ ಮಾಡೀರೇನ್ರಿ? ಫೀ ಎಷ್ಟ್ರಿ?"

೪. ಪದವಿ

ಕಡೆಗೆ ಬಂದವನು ಇಲ್ಲಿಯೇ ಆಟೋ ಓಡಿಸುವವ, ಲಕ್ಷ್ಮೇಶ್ವರದಲ್ಲಿ ಇವರ ಹಿಂದಿನ ಬೆಂಚಿನ ವಿದ್ಯಾರ್ಥಿ. ಅಂಜಿಕೊಂಡು ಬಾಗಿಲಲ್ಲೇ ನಿಂತ.

"ಐ ವಾಕ್" ಎಂದರು ಇವರು.

ಅವನು ಬೆವರಿದ. "ಸರ್ರ... ಐ... ಐ ವಾಕಾಕತ್ತೀನ್ರಿ!"

ಯಜಮಾನರ ಮುಖ ಕೆಂಪಾಯಿತು. ಸೊಟ್ಟ ಬಾಯಿ ನಡುಗಿತು. "ಕತ್ತಿ!"

ಎಷ್ಟೋ ತಿಂಗಳ ಮೇಲೆ ಬಂದ ಅವರ ಸ್ವಂತ ಮಾತು! ಕತ್ತೆ ಎಂದು ಬೈಸಿಕೊಂಡವನು ನನ್ನ ಕಾಲಿಗೆ ಬಿದ್ದು ಅತ್ತ. ಡಾಕ್ಟರಿಗೆ ಫೋನ್ ಮಾಡಿದರೆ, "ಬೈಯಲಿ ಬಿಡ್ರಿ, ದಿನಾ ಬೈಯಲಿ" ಎಂದರು. ನಾಳೆ ಮತ್ತೆ ಬಾರಪ್ಪಾ ಎಂದು ಆಟೋದವನಿಗೆ ಹೇಳಿ ಕಳಿಸಿದೆ.

ಬಂದ. ಕೈಕಟ್ಟಿ ನಿಂತು ಒಂದೂ ತಪ್ಪಿಲ್ಲದೆ ಎಲ್ಲ ಒಪ್ಪಿಸಿದ. "ಮಗಳ ಪುಸ್ತಕ ಓದಿ ತಯಾರಾಗಿ ಬಂದೀನ್ರಿ ಅಮ್ಮಾರ" ಎಂದು ಹಿಗ್ಗಿದ. ಯಜಮಾನರು ಸಮಾಧಾನದಿಂದ ತಲೆಯಾಡಿಸಿ ಮತ್ತೆ ಸೂರಿನತ್ತ ತಿರುಗಿದರು.

ಇನ್ನು ತಪ್ಪು ಹೇಳುವವರು ಯಾರು? ಸೊಸೆ ಹೇಳಿ ನೋಡಿದಳು. ಅವಳನ್ನು ಅವರು ಎಂದೂ ಬೈದವರಲ್ಲ, ಸುಮ್ಮನೆ ಕಣ್ಣು ಮುಚ್ಚಿದರು. ಉಳಿದವಳು ನಾನು. ಅವರೆದುರು ನನ್ನ ಇಂಗ್ಲಿಷ್ ಒಮ್ಮೆಯೂ ತಪ್ಪಿದ್ದಿಲ್ಲ. ನಮ್ಮ ಓಣಿಯಲ್ಲಿ ಮೊದಲು ಬಿ.ಎ. ಮುಗಿಸಿದ ಹೆಣ್ಣುಮಗಳು ನಾನೇ, ಅದೂ ಇಂಗ್ಲಿಷ್ ತೆಗೆದುಕೊಂಡು.

ಸೊಸೆಯನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಮಂಚದ ಅಂಚಿಗೆ ಕುಳಿತು ಹೇಳಿದೆ: "ನಿನ್ನೆ ಐ ಶಲ್ ವಾಕ್."

ಅವರು ನನ್ನತ್ತ ತಿರುಗಿದರು. ಇದೊಂದು ಸಲ ಬೈಯಿರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. "ನಾಳೆ ಹೀ ವಾಕ್ಡ್" ಎಂದೆ. ಇನ್ನೂ ಧೈರ್ಯ ಮಾಡಿ, "ಶೀ ಆರ್ ವಾಕ್" ಎಂದೆ.

ಹುಬ್ಬು ಗಂಟಿಕ್ಕಿದವು. ಎಡಗೈ ಎದ್ದಿತು. ಒಂದೊಂದೇ ಪದ ಕಲ್ಲೆತ್ತಿದ ಹಾಗೆ ಹೊರಬಂತು.

"ನಿನಗ... ಬಿ.ಎ.... ಯಾವ... ಮಂಗ್ಯಾ... ಕೊಟ್ಟಾನ?"

ಅವರ ಕೈ ಹಿಡಿದು ಅತ್ತುಬಿಟ್ಟೆ. ಬಾಗಿಲ ಹಿಂದೆ ಕಿವಿಗೊಟ್ಟಿದ್ದ ಸೊಸೆ, ಅಳುತ್ತಲೋ ನಗುತ್ತಲೋ ತಿಳಿಯದು, ಕೆಲಸಕ್ಕೆ ಹೋಗಿದ್ದ ಮಗನಿಗೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದಳು.

"ಅವ್ವಾ, ಅಪ್ಪ ಮಾತಾಡಿದ್ನಂತ? ಖರೇನ? ಏನಂದ?"

"ಏನಿಲ್ಲಪಾ," ಎಂದೆ. "ನನ್ನ ಡಿಗ್ರಿ ಬಗ್ಗೆ ವಿಚಾರಿಸಿದ್ರು."