ಮೆಲ್ಬರ್ನಿನಲ್ಲಿ ಸಾವಿನ ಏಟು

ಕೋದಂಡಪ್ಪ: ನಿಲ್ಸು ಅಂದ್ರೆ ನಿಲ್ಸಲಾ! ಸಂಜೆ ಜನದ ಮುಂದೆ ಇದನ್ನ ಬಾರಿಸ್ಬೇಡ.

ಸೆಲ್ವರಾಜ್: ನನಗೆ ಹೆಸರು ತಂದಿದ್ದೇ ಇದು ಕಣೋ!

ರಾಬರ್ಟ್‌ಸನ್‌ಪೇಟೆಯ ಸಭಾಂಗಣದಲ್ಲಿ ಮಧ್ಯಾಹ್ನದ ಅಭ್ಯಾಸ ಅಲ್ಲಿಗೆ ನಿಂತಿತು. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಹುಟ್ಟಿದ ಸೆಲ್ವರಾಜ್ ಇಪ್ಪತ್ತೆರಡರ ವಯಸ್ಸಿಗೆ ಮೆಲ್ಬರ್ನ್ ಸೇರಿ, ಅಲ್ಲೇ ನೆಲೆಸಿ, ಜಾಝ್ ಪಿಯಾನೊ ವಾದಕನಾಗಿದ್ದ. ಬಲಗೈಯಲ್ಲಿ ಜಾಝ್, ಎಡಗೈಯಲ್ಲಿ ತಮಟೆಯ ಏಟು. ಅವನಿಗೆ ಅನ್ನ ಹಾಕಿದ್ದು ಈ ಬೆರಕೆಯೇ. ಹುಡುಗನಾಗಿದ್ದಾಗ ಆ ಏಟು ಕಲಿಸಿದವನು ಕೋದಂಡಪ್ಪ. ಮೂವತ್ತೈದು ವರ್ಷದ ಮೇಲೆ ಊರಿಗೆ ಬಂದವನು, ಸಂಜೆಯ ಕಛೇರಿಯಲ್ಲಿ ಇಬ್ಬರೂ ಒಟ್ಟಿಗೆ ನುಡಿಸೋಣವೆಂದು ಗೆಳೆಯನನ್ನೂ ಅವನ ಹೆಂಡತಿ ರಾಧಾಮಣಿಯನ್ನೂ ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಕರೆಸಿಕೊಂಡಿದ್ದ.

ಕೋದಂಡಪ್ಪ: ಅದು ಸಾವಿನ ಏಟು. ಎಣ ಎತ್ತುವಾಗ ಒಡೆಯೋದು.

ಸೆಲ್ವರಾಜ್: ಸುಳ್ಳು. ನಮ್ಮ ಗಣಿಯವರ ಲೈನ್‌ಮನೆಗಳಲ್ಲಿ ಸಾವಿಗೆ ಬೇರೆ ಥರ ಬಾರಿಸ್ತಿದ್ರು.

ಕೋದಂಡಪ್ಪ: ಅದು ನಿಮ್ಮ ತಮಿಳ್ರುದು. ಇದು ನಮ್ಮ ಕಡೇದು.

ಸೆಲ್ವರಾಜನ ಕೈಗಳು ಪಿಯಾನೊದಿಂದ ತಾವಾಗಿಯೇ ಮೇಲೆದ್ದವು.

ಸೆಲ್ವರಾಜ್: ಇದನ್ನ ಮದುವೆಗಳಲ್ಲಿ ಬಾರಿಸಿದ್ದೀನಲ್ಲೋ.

ಕೋದಂಡಪ್ಪ: ಎಷ್ಟು ಮದ್ವೇಲಿ?

ಸೆಲ್ವರಾಜ್: ನಲವತ್ತಾದ್ರೂ ಇರುತ್ತೆ.

ರಾಧಾಮಣಿ: ಅವ್ರೆಲ್ಲಾ ಚೆನ್ನಾಗವ್ರಾ ಅಣ್ಣಾ?

ಸೆಲ್ವರಾಜ್: ಒಂದೆರಡು ಡೈವೋರ್ಸ್ ಆಯ್ತು.

ರಾಧಾಮಣಿ: ಯಾರೂ ಸತ್ತಿಲ್ವಲ್ಲ, ಬುಡಿ.

ಸೆಲ್ವರಾಜ್: ಅಲ್ಲಿನ ರೇಡಿಯೋದವರು ಬೆಳಗಿನ ಕಾರ್ಯಕ್ರಮಕ್ಕೆ ಇದನ್ನೇ ಹಾಕ್ತಿದ್ರು. ಎಂಟು ವರ್ಷ.

ಕೋದಂಡಪ್ಪ: ದಿನಾನಾ?

ಸೆಲ್ವರಾಜ್: ಭಾನುವಾರ ಬಿಟ್ಟು.

ಕೋದಂಡಪ್ಪ: ನಮ್ಮ ಓಬ್ಳೀಲೆಲ್ಲಾ ಸೇರ್ಸಿದ್ರೂ ಅಷ್ಟು ಸಾವಾಗಿರಲ್ಲ.

ಸೆಲ್ವರಾಜ್: ಅಯ್ಯೋ, ನಾನು ಇದಕ್ಕೆ ‘ಕೋಲಾರದ ಸಂತೋಷ’ ಅಂತ ಹೆಸರಿಟ್ಟಿದ್ದೀನಿ!

ರಾಧಾಮಣಿ: ಅದು ಸತ್ತೋನು ಯಾರು ಅನ್ನೋದ್ರ ಮ್ಯಾಲೈತೆ.

ಸೆಲ್ವರಾಜನಿಗೆ ಈಗ ಸಿಟ್ಟು ಬಂತು.

ಸೆಲ್ವರಾಜ್: ಮದುವೆದು ಕಲಿಸು ಅಂತ ನಾನು ಕೇಳಿದ್ದು. ಇದೇ ಮದುವೆದು ಅಂತ ನೀನು ಕಲಿಸಿದ್ದು!

ಕೋದಂಡಪ್ಪ ಕಿಟಕಿಯಾಚೆ ಹೋಗುತ್ತಿದ್ದ ಆಟೋಗಳನ್ನು ನೋಡತೊಡಗಿದ.

ರಾಧಾಮಣಿ: ಬಾಯಿ ಬುಡಿ. ನಿಮ್ಮನ್ನೇ ಕೇಳ್ತಾವ್ರೆ.

ಕೋದಂಡಪ್ಪ: ಬೇಕಂತ್ಲೇ ಕಲಿಸ್ದೆ.

ಸೆಲ್ವರಾಜ್: ಬೇಕಂತಲೇ?

ಕೋದಂಡಪ್ಪ: ನಿಮ್ಮಪ್ಪ ಗಣಿ ಸಾಯೇಬ್ರ ಉರಿಗಾಂ ಕ್ಲಬ್ಬಲ್ಲಿ ಪಿಯಾನೊ ಒರೆಸ್ತಿದ್ರು. ಅವ್ರು ಆಚೆ ಓದ್ರೆ ನೀನು ಕೂತು ಬಾರಿಸ್ತಿದ್ದೆ. ನಾನೂ ಒಂದ್ ಸಲ ಮುಟ್ತೀನಿ ಕಣ್ಲಾ ಅಂದೆ. ಕೈ ತೊಳ್ಕೊಂಡು ಬಾ ಅಂದೆ ನೀನು. ತೊಳ್ಕೊಂಡು ಬಂದೆ. ನೀನು ಒಳಗಿಂದ ಬಾಗ್ಲಾಕ್ಕೊಂಡಿದ್ದೆ.

ಸೆಲ್ವರಾಜ್: ನನಗೆ ನೆನಪೇ ಇಲ್ಲ.

ಕೋದಂಡಪ್ಪ: ಒಳಗಿದ್ದೋನ್ಗೆ ಎಂಗಿರ್ತದೆ?

ಕೇಳಿದ ಪತ್ರಿಕೆಯವರಿಗೆಲ್ಲ ‘ಇದು ನನ್ನ ಬಾಲ್ಯದ ಗೆಳೆಯ ಕೊಟ್ಟ ಉಡುಗೊರೆ’ ಎಂದು ಹೇಳಿಕೊಂಡು ಬಂದವನು ಸೆಲ್ವರಾಜ್. ಗೆಳೆಯ ಕೊಟ್ಟದ್ದು ನಿಜ. ಏಕೆ ಕೊಟ್ಟ ಎಂಬುದು ಈಗ ಗೊತ್ತಾಗಿತ್ತು.

ಸೆಲ್ವರಾಜ್: ಸಂಜೆ ಏನು ಮಾಡೋದು?

ಕೋದಂಡಪ್ಪ: ಮದ್ವೆ ಏಟು ನಾನು ಒಡೀತೀನಿ. ನೀನು ನನ್ನಿಂದೆ ಬಾರಿಸ್ಕೊಂಡು ಬಾ.

ಸೆಲ್ವರಾಜ್: ಅದಕ್ಕೆ ಮೊದಲು ನೀನು ಇಲ್ಲಿ ಬಾ.

ಅವನು ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ. ಕೋದಂಡಪ್ಪ ಹೆಂಡತಿಯ ಮುಖ ನೋಡಿದ. ಅವಳು ಹೋಗಿ ಎಂಬಂತೆ ತಲೆಯಾಡಿಸಿದಳು. ಅವನು ಬಂದು ಬೆಂಚಿನ ತುದಿಯಲ್ಲಿ ಕೂತು, ತೋರುಬೆರಳಿನಿಂದ ಪಿಯಾನೊದ ಒಂದು ಬಿಳಿ ಕೀಯನ್ನು ಒತ್ತಿದ. ಸದ್ದು ಪೂರ್ತಿ ಅಡಗುವವರೆಗೂ ಕಿವಿಗೊಟ್ಟು ಕೇಳಿದ.

ಕೋದಂಡಪ್ಪ: ಇಷ್ಟೇನಾ? ಇದಕ್ಕಾ ನಾನು ಇಷ್ಟು ವರ್ಷ ಒಟ್ಟೆ ಉರ್ಕೊಂಡಿದ್ದು?

ಸೆಲ್ವರಾಜ್: ಇನ್ನೂ ಎಂಬತ್ತೇಳು ಕೀ ಇವೆ. ಒತ್ತು.